ಗದ್ದೆಮ್ಮನ ಎದುರು ಮನೆ

ಎದುರು ಮನೆಯ ಮೆಹಬೂಬ್‌ಬೀ ಜೊತೆ ಮಾತಾಡಬೇಕೆಂದರೆ ಗದ್ದೆಮ್ಮ ಫೋನ್ ಹಚ್ಚಬೇಕಾಗಿತ್ತು. ಇಬ್ಬರ ಬಾಗಿಲುಗಳೂ ಎದುರುಬದುರು. ನಡುವೆ ಇದ್ದದ್ದು ಒಂದು ರಸ್ತೆ ಮಾತ್ರ. ಆದರೆ ಅದು ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಹೋಗುವ ಹೆದ್ದಾರಿ. ಬೆಳಕು ಹರಿಯುವಾಗ ಶುರುವಾದ ಲಾರಿಗಳ ಸಾಲು ದೀಪ ಹಚ್ಚುವ ಹೊತ್ತಾದರೂ ಕಡಿಯುತ್ತಿರಲಿಲ್ಲ. ಗದ್ದೆಮ್ಮ ತನ್ನ ಖಾನಾವಳಿಯ ಕಟ್ಟೆಯ ಮೇಲೆ ಕೂತು, ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ಕೂಗುವಳು.

"ಇವತ್ತು ಏನ ಪಲ್ಯ ಮಾಡೀ?"

"ಪುಂಡಿ ಪಲ್ಯ."

"ಏನು?"

"ಪುಂಡಿ, ಪುಂಡಿ."

ಎರಡು ಲಾರಿಗಳ ನಡುವಿನ ಸಂದಿಯಲ್ಲಿ ಗೆಳತಿಯ ಸೀರೆಯ ಬಣ್ಣ ಕಾಣುವುದು, ಮರುಗಳಿಗೆಯೇ ಮರೆಯಾಗುವುದು. ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ಗದ್ದೆಮ್ಮ ಆಚೆ ಕಡೆಗೆ ಒಮ್ಮೆ ಕೈ ಬೀಸುತ್ತಿದ್ದಳು. ಆಚೆಯಿಂದಲೂ ಒಂದು ಕೈ ಏಳುತ್ತಿತ್ತು. ಕರಿಬಂಡಿ ಎಂಬ ಆ ಸಣ್ಣ ಊರಿನಲ್ಲಿ ಅವರಿಬ್ಬರ ಗೆಳೆತನ ಈಗ ಇಷ್ಟಕ್ಕೆ ಬಂದು ನಿಂತಿತ್ತು.

ಗದ್ದೆಮ್ಮ ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ. ಅದು ಮುಗಿಲು ನೋಡಿ ಬಿತ್ತುವ ಸೀಮೆ. ಬಸ್ಸಪ್ಪನ ಕೈಹಿಡಿದು ಕರಿಬಂಡಿಗೆ ಬಂದಾಗ ಅವಳು ಬೆರಗಾದದ್ದು ಎರಡಕ್ಕೆ. ಒಂದು, ಊರ ಬಡಗಣ ದಿಕ್ಕಿನಲ್ಲಿ ಬೇಸಿಗೆಯಲ್ಲೂ ಹರಿಯುತ್ತಿದ್ದ ಕಾಲುವೆಯ ನೀರು. ಇನ್ನೊಂದು, ಮನೆಯ ಹೊಸ್ತಿಲಿಗೇ ಬಂದು ನಿಲ್ಲುತ್ತಿದ್ದ ಬಸ್ಸು. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತಿದ್ದಾಗ ರಸ್ತೆಯಾಚೆ ಒಬ್ಬ ಗಂಡಸು ಬಿಲ್ಲಿನಂಥದನ್ನು ಹಿಡಿದು ಹತ್ತಿ ಹಿಂಜುತ್ತಿದ್ದ. ಗಾದಿ ಹೊಲಿಯುವ ರಹಮಾನಸಾಬ. ಹತ್ತಿಯ ಎಳೆಗಳು ಗಾಳಿಗೆ ಎದ್ದು, ರಸ್ತೆ ದಾಟಿ ಬಂದು ಗದ್ದೆಮ್ಮನ ಹೊಸ ಸೀರೆಗೆಲ್ಲ ಅಂಟಿಕೊಂಡವು. ಅವಳು ಏನು ಮಾಡಬೇಕೆಂದು ತಿಳಿಯದೆ ನಿಂತಿರುವಾಗ, ಆಚೆ ಮನೆಯಿಂದ ತನ್ನದೇ ವಯಸ್ಸಿನ ಹುಡುಗಿಯೊಬ್ಬಳು ನಗುತ್ತ ಓಡಿ ಬಂದು, ಸೀರೆಯ ಮೇಲಿನ ಎಳೆಗಳನ್ನು ಒಂದೊಂದಾಗಿ ಆಯತೊಡಗಿದಳು.

"ಸಿಟ್ಟ ಆಗಬ್ಯಾಡವಾ. ನಮ್ಮ ಸಾಹೇಬ್ರ ಕೈ ಹಂಗ. ಅವರು ಇಲ್ಲಿ ಹಿಂಜಿದ್ರ ಹತ್ತಿ ಮಸ್ಕಿ ಮುಟ್ಟತೈತಿ."

ಅವಳು ಮೆಹಬೂಬ್‌ಬೀ. ಊರವರ ಬಾಯಲ್ಲಿ ಮಾಬೂಬಿ. ಗದ್ದೆಮ್ಮನ ಬಾಯಲ್ಲಿ ಅವತ್ತಿನಿಂದ ಬರೀ ಮಾಬೂ.

ಆಗಿನ ರಸ್ತೆ ಒಂದು ಬಸ್ಸು ಹೋಗುವಷ್ಟೇ ಅಗಲ. ಎದುರಿಗೆ ಇನ್ನೊಂದು ಬಂದರೆ ಯಾರಾದರೂ ಒಬ್ಬರು ಪಕ್ಕದ ಮಣ್ಣಿಗೆ ಇಳಿಯಬೇಕು. ಇಬ್ಬರು ಡ್ರೈವರುಗಳೂ ಗುರುತಿನವರಾದರೆ ಯಾರೂ ಇಳಿಯುತ್ತಿರಲಿಲ್ಲ. ಕಿಟಕಿಯಿಂದ ಕಿಟಕಿಗೆ ಎಲೆಅಡಿಕೆ ದಾಟಿ, ಮನೆಮಂದಿಯ ಸುದ್ದಿಯೆಲ್ಲ ಮುಗಿದ ಮೇಲೆಯೇ ಗಾಡಿ ಮುಂದೆ. ಉಳಿದ ಹೊತ್ತು ರಸ್ತೆ ಊರಿನದು. ಕೆಂಪು ಮೆಣಸಿನಕಾಯಿ ಒಣಗುತ್ತಿದ್ದದ್ದು ಅದರ ಮೇಲೆ, ಜೋಳ ಒಣಗುತ್ತಿದ್ದದ್ದು ಅದರ ಮೇಲೆ. ದೂರದಲ್ಲಿ ಬಸ್ಸಿನ ಹಾರನ್ ಕೇಳಿದರೆ ಹೆಂಗಸರು ಎದ್ದು ಮೆಣಸಿನಕಾಯಿಯನ್ನು ಒಂದು ಮಗ್ಗುಲಿಗೆ ಎಳೆಯುವರು. ಡ್ರೈವರು ಬಸ್ಸು ನಿಲ್ಲಿಸಿಕೊಂಡು ಕಾಯುವನು. "ಸಾವಕಾಶ ಎಳೀರಿ ಯವ್ವಾ, ಖಾರ ಕುಟ್ಟಿದ ಮ್ಯಾಲ ನಮಗೂ ಒಂದ ಹಿಡಿ ಇರ್ಲಿ," ಎನ್ನುವನು. ಕೆಲವರಿಗೆ ಅವರು ನಿಜವಾಗಿಯೂ ಕೊಟ್ಟಿದ್ದರು.

ಬೇಸಿಗೆಯ ಸಂಜೆ ಹಗ್ಗದ ಹೊರಸುಗಳೆಲ್ಲ ರಸ್ತೆಗೆ ಬರುತ್ತಿದ್ದವು. ಹಗಲೆಲ್ಲ ಕಾದ ಡಾಂಬರು ಆರುತ್ತಿದ್ದಂತೆ ಅಲ್ಲೇ ಮಾತು, ಅಲ್ಲೇ ಊಟ. ಗದ್ದೆಮ್ಮ ರೊಟ್ಟಿ ಬಡಿದರೆ ಮೆಹಬೂಬ್‌ಬೀ ಶೇಂಗಾ ಚಟ್ನಿ ತರುವಳು. ರಂಜಾನಿನಲ್ಲಿ ಆ ಮನೆಯ ಸುರಕುಂಬಾ ಪಾಯಸ ಈ ಮನೆಗೆ, ಪಂಚಮಿಯಲ್ಲಿ ಈ ಮನೆಯ ಉಂಡಿ ಆ ಮನೆಗೆ. ಗದ್ದೆಮ್ಮನ ಮಗ ಶಿವರಾಜ, ಮೆಹಬೂಬ್‌ಬೀಯ ಮಗ ನಾಸೀರ್ ಇಬ್ಬರೂ ನಡೆಯಲು ಕಲಿತದ್ದು ಆ ರಸ್ತೆಯ ಮೇಲೆಯೇ. ಈ ಹೊಸ್ತಿಲಿಂದ ಒಬ್ಬಳು ಮಗುವನ್ನು ಬಿಟ್ಟರೆ ಆ ಹೊಸ್ತಿಲಲ್ಲಿ ಇನ್ನೊಬ್ಬಳು ಹಿಡಿದುಕೊಳ್ಳುತ್ತಿದ್ದಳು.

ಮಕ್ಕಳು ಹುಟ್ಟುವ ಮುಂಚಿನ ಮಾತು. ಒಮ್ಮೆ ಇಬ್ಬರೂ ಸಂತೆಗೆ ಹೋಗುತ್ತೇವೆಂದು ಗಂಡಂದಿರಿಗೆ ಹೇಳಿ, ಸಿಂಧನೂರಿನ ಟಾಕೀಸಿಗೆ ಹೋಗಿ ಸಿನಿಮಾ ನೋಡಿದರು. ಹೊರಗೆ ಬರುವಷ್ಟರಲ್ಲಿ ಬಸ್ಸು ತಪ್ಪಿತ್ತು. ಏನು ಮಾಡುವುದೆಂದು ಬೀದಿಯಲ್ಲಿ ನಿಂತಿದ್ದಾಗ ದಾದೇಸಾಬನ ಲಾರಿ ಬಂತು. ಅವನು ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪಿನಿಂದ ಬತ್ತ ತುಂಬಿಕೊಂಡು ಲಿಂಗಸುಗೂರಿನ ಕಡೆಗೆ ಹೋಗುವವನು, ದಾರಿಯಲ್ಲಿ ಬಸ್ಸಪ್ಪನ ಅಂಗಡಿಯಲ್ಲಿ ಚಹಾ ಕುಡಿಯುವವನು. ಕ್ಯಾಬಿನ್ನಿನಲ್ಲಿ ಜಾಗವಿರಲಿಲ್ಲ. ಇಬ್ಬರೂ ಬತ್ತದ ಚೀಲಗಳ ಮೇಲೆ ಹತ್ತಿ ಕೂತರು. ಎಡಬಲಕ್ಕೆ ಹಸಿರು ಗದ್ದೆ, ಮುಂದೆ ಇಳಿಯುತ್ತಿದ್ದ ಸೂರ್ಯ, ಮುಖಕ್ಕೆ ಬಡಿಯುವ ಗಾಳಿ. ಊರು ಮುಟ್ಟುವುದೇ ಬೇಡ ಎನ್ನಿಸಿತ್ತು ಗದ್ದೆಮ್ಮನಿಗೆ.

ಊರಲ್ಲಿ ಗಂಡಂದಿರಿಬ್ಬರೂ ರಸ್ತೆಯ ನಡುವೆ ಹೊರಸು ಹಾಕಿಕೊಂಡು ಕೂತಿದ್ದರು. ಏನೂ ಅರಿಯದ ದಾದೇಸಾಬ ಗಾಡಿ ನಿಲ್ಲಿಸಿ, "ಟಾಕೀಸಿನ ಮುಂದ ನಿಂತಿದ್ರು, ಕರಕೊಂಡು ಬಂದೆ," ಎಂದುಬಿಟ್ಟ.

ಬಸ್ಸಪ್ಪ ಹೆಂಡತಿಯ ಖಾಲಿ ಚೀಲ ನೋಡಿದ. "ಸಂತ್ಯಾಗಿಂದ ಏನ ತಂದಿ?"

ಗದ್ದೆಮ್ಮ ನೆಲ ನೋಡಿದಳು. ರಹಮಾನಸಾಬ ಹೊರಸಿನ ಮೇಲೆ ಸರಿದು ಜಾಗ ಮಾಡುತ್ತ, "ಕಥಿ ತಂದಿರ್ತಾರ ಬಿಡೋ ಬಸ್ಸಪ್ಪ. ಕುಂದ್ರಿಸಿ ಕೇಳೋಣು," ಎಂದ.

ಅವತ್ತು ಸಂಜೆ ಅರ್ಧ ಓಣಿ ರಸ್ತೆಯಲ್ಲಿ ಕೂತು ಆ ಸಿನಿಮಾದ ಕಥೆ ಕೇಳಿತು. ಗದ್ದೆಮ್ಮ ಹೇಳುವುದು, ಮೆಹಬೂಬ್‌ಬೀ ಎದ್ದು ನಿಂತು ಮಾಡಿ ತೋರಿಸುವುದು. ಬಸ್ಸಪ್ಪನೇ ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿಕೊಂಡು ಬಂದ.

ಕಾಲುವೆಯ ಬತ್ತ ಹೆಚ್ಚಿದಂತೆ ಲಾರಿಗಳು ಹೆಚ್ಚಿದವು. ಡ್ರೈವರುಗಳು ಊಟ ಕೇಳತೊಡಗಿದರು. ಚಹಾದ ಅಂಗಡಿ ಖಾನಾವಳಿಯಾಯಿತು. ಗದ್ದೆಮ್ಮನ ಬಿಸಿ ರೊಟ್ಟಿ, ಎಣ್ಣೆಗಾಯಿ ಎಂದರೆ ಬಳ್ಳಾರಿಯ ಕಡೆಯ ಡ್ರೈವರುಗಳೂ ಹಸಿವು ತಡೆದುಕೊಂಡು ಬರುತ್ತಿದ್ದರು. ರಸ್ತೆ ಅಗಲವಾಯಿತು. ಇಕ್ಕೆಲದ ಮಣ್ಣು ಹೋಗಿ ಡಾಂಬರು ಮನೆಗಳ ಕಟ್ಟೆಗೆ ತಾಗಿತು. ಮೊದಲು ಹೊರಸುಗಳು ಒಳಗೆ ಹೋದವು. ಆಮೇಲೆ ಮೆಣಸಿನಕಾಯಿ ಮಾಳಿಗೆ ಹತ್ತಿತು. ಆಮೇಲೆ ಮಕ್ಕಳನ್ನು ಬಾಗಿಲೊಳಗೆ ಹಿಡಿದಿಡುವುದು ಶುರುವಾಯಿತು. ಸುಗ್ಗಿಯಲ್ಲಿ ಬತ್ತ ಕೊಯ್ಯುವ ಯಂತ್ರಗಳು, ಟ್ರ್ಯಾಕ್ಟರುಗಳು, ದೂರದೂರಿನ ಸ್ಲೀಪರ್ ಬಸ್ಸುಗಳು ಎಲ್ಲ ಒಂದಕ್ಕೊಂದು ಅಂಟಿಕೊಂಡು ಊರ ನಡುವೆ ನಿಂತುಬಿಡುತ್ತಿದ್ದವು. ಹಾರನ್ನಿಗೆ ಗೋಡೆಯ ಮೇಲಿನ ಪಾತ್ರೆಗಳು ನಡುಗುತ್ತಿದ್ದವು. ಇದೆಲ್ಲ ಒಂದು ದಿನದಲ್ಲಿ ಆದದ್ದಲ್ಲ. ಹಾಗಾಗಿ ಇಂಥ ದಿನ ನಮ್ಮ ರಸ್ತೆ ಹೋಯಿತು ಎಂದು ಯಾರಿಗೂ ಅನ್ನಿಸಲಿಲ್ಲ.

ಈ ನಡುವೆ ಬಸ್ಸಪ್ಪ ಕಾಮಾಲೆಯಾಗಿ ತೀರಿಕೊಂಡ. ಕೆಲವು ವರ್ಷಗಳಾದ ಮೇಲೆ ರಹಮಾನಸಾಬನೂ ಹೋದ. ಗಾದಿ ಹೊಲಿದು ಹೊಲಿದು ಅವನು ಕಾಲುವೆ ಬದಿಯಲ್ಲಿ ಕೊಂಡಿದ್ದ ತುಂಡು ಹೊಲವನ್ನು ಈಗ ನಾಸೀರ್ ಮಾಡುತ್ತಿದ್ದ. ಖಾನಾವಳಿಯ ಗಲ್ಲೆಯ ಮೇಲೆ ಶಿವರಾಜ ಕೂತ. ಒಂದು ದಿನ ಗದ್ದೆಮ್ಮ ಗೆಳತಿಗೆ ಹೋಳಿಗೆ ಕೊಡಲು ದಾಟುವಾಗ ಮೋಟಾರ್ ಸೈಕಲ್ಲೊಂದು ತಾಗಿ ಬಿದ್ದಳು. ಎಲುಬು ಮುರಿಯಲಿಲ್ಲ, ಆದರೆ ಮೊಣಕಾಲು ಮೊದಲಿನಂತಾಗಲಿಲ್ಲ. "ಇನ್ನ ಮ್ಯಾಲ ನೀ ರಸ್ತಾ ದಾಟಂಗಿಲ್ಲ ಬೇ," ಎಂದ ಶಿವರಾಜ ಮರುದಿನ ಎರಡು ಫೋನು ತಂದು, ಒಂದನ್ನು ಆಚೆ ಮನೆಗೆ ಕೊಟ್ಟು ಬಂದ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಮುಕ್ಕಾಲಿ ಮೇಲೆ ದುರ್ಬೀನು ಇಟ್ಟುಕೊಂಡು ಹೆದ್ದಾರಿಯವರು ಅಳತೆಗೆ ಬಂದರು. ಅವರ ಜೊತೆಗಿದ್ದ ಇಂಜಿನಿಯರ್ ಸುಕನ್ಯಾ ಖಾನಾವಳಿಯಲ್ಲೇ ಊಟ ಮಾಡಿದರು. ಶಿವರಾಜ ಕೇಳಿದ್ದಕ್ಕೆ ಬಿಡಿಸಿ ಹೇಳಿದರು. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ದಾರಿ ಸುಧಾರಿಸುವ ಯೋಜನೆ; ಕರಿಬಂಡಿಗೆ ಎರಡು ದಾರಿ ಯೋಚಿಸಿದ್ದಾರೆ. ಊರೊಳಗೇ ಅಗಲ ಮಾಡಿದರೆ ಎರಡೂ ಕಡೆಯ ಮನೆಗಳ ಮುಂಭಾಗ ಒಂದಿಷ್ಟು ಹೋಗುತ್ತದೆ, ನಡುವೆ ಉದ್ದಕ್ಕೂ ತಡೆಗೋಡೆ ಬರುತ್ತದೆ. ಇಲ್ಲವಾದರೆ ಊರ ಹೊರಗೆ ಬೈಪಾಸ್. ಗೆರೆ ಇನ್ನೂ ಎಳೆದಿಲ್ಲ. ಊರವರ ಮಾತು ಕೇಳಲು ಸುಗ್ಗಿಯ ಹೊತ್ತಿಗೆ ಸಭೆ ಕರೆಯುತ್ತಾರೆ.

"ರಸ್ತಾ ಹೊರಗ ಹೋದ್ರ ನಮ್ಮ ಒಲಿ ಆರತೈತಿ," ಎಂದ ಶಿವರಾಜ, ಅವರು ಹೋದ ಮೇಲೆ. ರಸ್ತೆ ಬದಿಯ ಅಂಗಡಿಯವರೆಲ್ಲ ಅದನ್ನೇ ಅಂದರು. ಗದ್ದೆಮ್ಮನೂ ಹೂಂಗುಟ್ಟಿದಳು. ಆ ರಸ್ತೆಯ ಮೇಲೆಯೇ ಅವಳು ಮಗನನ್ನು ಸಾಕಿದ್ದಳು.

ಹಿಂಗಾರು ಮಳೆಗೆ ಊರಾಚೆಯ ಹಳ್ಳದ ಸೇತುವೆಯ ಒಂದು ಬದಿ ಕುಸಿಯಿತು. ದುರಸ್ತಿ ಮುಗಿಯುವವರೆಗೆ ಪೊಲೀಸರು ಗಾಡಿಗಳನ್ನೆಲ್ಲ ಬೇರೆ ದಾರಿಗೆ ತಿರುಗಿಸಿದರು. ಮರುದಿನ ಬೆಳಗ್ಗೆ ಗದ್ದೆಮ್ಮ ಕಸಬರಿಗೆ ಹಿಡಿದು ಹೊರಗೆ ಬಂದವಳು ಹಾಗೇ ನಿಂತಳು. ಕಿವಿಗೇ ಏನೋ ಆಗಿದೆಯೇ ಎನ್ನಿಸಿತು. ಬೇವಿನ ಮರದಲ್ಲಿ ಗಿಳಿಗಳು ಕೂಗುತ್ತಿದ್ದವು. ಓಣಿಯ ಕೊನೆಯ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳ ಇಲ್ಲಿಗೆ ಕೇಳುತ್ತಿತ್ತು.

ಹೊತ್ತು ಏರುವಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆದು ಮೆಹಬೂಬ್‌ಬೀ ಹೊರಗೆ ಬಂದಳು. ರಸ್ತೆಯ ಅಂಚಿನಲ್ಲಿ ನಿಂತು, ಕಾಲಿನಿಂದ ನೆಲ ತಡವಿ, ಮೆಲ್ಲಗೆ ಹೆಜ್ಜೆಯಿಟ್ಟಳು. ಗದ್ದೆಮ್ಮ ಕಸಬರಿಗೆ ಬಿಟ್ಟು ಕುಂಟುತ್ತ ಇಳಿದಳು. ಇಬ್ಬರೂ ಕೂಡಿದ್ದು ರಸ್ತೆಯ ನಡುವೆ, ಬಿಳಿ ಪಟ್ಟಿಯ ಮೇಲೆ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅಲ್ಲೇ ಕೆಳಗೆ ಕೂತರು.

ಹತ್ತಿರದಿಂದ ನೋಡಿದಾಗ ಮೆಹಬೂಬ್‌ಬೀಯ ಎರಡೂ ಕಣ್ಣಿನ ಕರಿಗುಡ್ಡೆಯ ಮೇಲೆ ಹಾಲಿನ ಕೆನೆಯಂಥದು ಕಾಣಿಸಿತು.

"ಕಣ್ಣಿಗೇನಾತು ಮಾಬೂ?"

"ಪೊರಿ ಬಂದೈತಿ. ಭಾಳ ದಿನ ಆತು."

"ಹಂಗಾದ್ರ ದಿನಾ ಮುಂಜಾನೆ ನಾ ಕೈ ಮಾಡಿದ್ರ ನೀನೂ ಮಾಡ್ತಿದ್ದೆಲ್ಲ?"

ಮೆಹಬೂಬ್‌ಬೀ ನಕ್ಕಳು. "ನೀ ನನಗ ಎಲ್ಲಿ ಕಾಣ್ತಿದ್ದಿ? ಆ ಹೊತ್ತಿಗಿ ಗದ್ದಿ ಎದ್ದು ಕೈ ಮಾಡಿರ್ತಾಳ ಅಂತ ನಾನೂ ಎತ್ತತಿದ್ದೆ."

ದಿನವೂ ನೋಡುತ್ತಿದ್ದೇನೆ ಎಂದುಕೊಂಡಿದ್ದಳು ಗದ್ದೆಮ್ಮ. ಗೆಳತಿಯ ಕಣ್ಣು ಹೋಗುತ್ತಿರುವುದು ಇಷ್ಟು ಹತ್ತಿರದಲ್ಲಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

ಆ ದಿನಗಳಲ್ಲಿ ಖಾನಾವಳಿಯ ಒಲೆ ಹೆಚ್ಚು ಉರಿಯಲಿಲ್ಲ. ಆದರೆ ಊರು ಹೊರಗೆ ಬಂತು. ಯಾರೋ ಮೊದಲು ಒಂದು ಹೊರಸು ತಂದರು, ಇನ್ನೊಬ್ಬರು ಹಪ್ಪಳ ಒಣಗಿಸಿದರು. ರಸ್ತೆಯ ಮೇಲೆ ಎಂದೂ ಕಾಲಿಡದಿದ್ದ ಮಕ್ಕಳು ಈ ಅಂಚಿನಿಂದ ಆ ಅಂಚಿಗೆ ಓಡಿದರು. ಮುದುಕರು ಒಬ್ಬರಿಗೊಬ್ಬರು "ಅದೀಯೇನಲೇ ಇನ್ನಾ?" ಎಂದು ಕೇಳಿಕೊಂಡರು. ಗದ್ದೆಮ್ಮ, ಮೆಹಬೂಬ್‌ಬೀ ಬೆಳಗ್ಗೆ ಕೂತರೆ ಮಧ್ಯಾಹ್ನದ ಬಿಸಿಲಿಗೆ ಏಳುವರು, ಬಿಸಿಲು ಇಳಿದರೆ ಮತ್ತೆ ಕೂರುವರು. ಗಂಡಂದಿರ ಮಾತು ಬಂತು, ಸತ್ತವರ ಮಾತು ಬಂತು. ಅತ್ತರು, ನಕ್ಕರು. ಸೇತುವೆ ಸರಿಯಾಗಿ ಮೊದಲ ಲಾರಿ ಬಂದಾಗ ಎಲ್ಲರೂ ಎದ್ದು ತಮ್ಮ ತಮ್ಮ ಕಡೆಗೆ ಸರಿದರು.

ಸಭೆ ಶಾಲೆಯ ಬಯಲಿನಲ್ಲಿ ನಡೆಯಿತು. ಶಿವರಾಜ ಅಂಗಡಿಯವರೆಲ್ಲರ ಪರವಾಗಿ ಎದ್ದು, ಹಾದಿ ಊರೊಳಗೇ ಇರಲಿ, ಮನೆಯ ಮುಂಭಾಗ ಹೋದರೂ ಚಿಂತೆಯಿಲ್ಲ ಎಂದ. ಚಪ್ಪಾಳೆ ಬಿತ್ತು. ಹೆಂಗಸರ ಕಡೆಯಿಂದ ಯಾರಾದರೂ ಮಾತಾಡುತ್ತೀರಾ ಎಂದು ಸುಕನ್ಯಾ ಕೇಳಿದರು. ಗದ್ದೆಮ್ಮ ಎದ್ದು ನಿಂತಳು. ಮಗನ ಮಾತಿಗೆ ದನಿಗೂಡಿಸುತ್ತಾಳೆಂದೇ ಎಲ್ಲರೂ ತಿಳಿದಿದ್ದರು.

"ರಸ್ತಾ ನನಗ ಅನ್ನ ಹಾಕೈತ್ರಿ, ಸುಳ್ಳ ಹೇಳಂಗಿಲ್ಲ," ಎಂದಳು. "ಆದ್ರ ನಡುವ ಗ್ವಾಡಿ ಬಂದ್ರ ಈ ಕಡಿ ಒಂದು ಊರು, ಆ ಕಡಿ ಒಂದು ಊರು ಆಗತೈತಿ. ನನ್ನ ಗೆಳತಿಗಿ ಕಣ್ಣು ಕಾಣವಲ್ದು ಅಂಬೋದು ನನಗ ಗೊತ್ತಾಗಿದ್ದಿಲ್ಲ. ಎದುರು ಮನ್ಯಾಗ ಅದಾಳ್ರಿ ಆಕಿ. ಇನ್ನ ಎಷ್ಟ ಮಂದೀದು ಏನೇನು ಗೊತ್ತಿಲ್ಲೋ ನಮಗ. ಗಾಡಿ ಹೊರಗ ಹೋಗ್ಲಿ. ರೊಟ್ಟಿ ತಿನ್ನೋರು ಹುಡಿಕ್ಕೊಂಡು ಬರ್ತಾರ."

ಚಪ್ಪಾಳೆ ಬೀಳಲಿಲ್ಲ. ಶಿವರಾಜ ತಲೆ ತಗ್ಗಿಸಿದ. ಆದರೆ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರು ಒಬ್ಬೊಬ್ಬರಾಗಿ ಎದ್ದರು. ಮಾತು ಬೈಪಾಸಿನ ಕಡೆಗೆ ವಾಲಿತು. ಆಗ ಸುಕನ್ಯಾ ಹೊಸದಾಗಿ ಗೆರೆ ಎಳೆದ ನಕ್ಷೆ ಬಿಚ್ಚಿ, ಬೈಪಾಸ್ ಆದರೆ ಯಾವ ಯಾವ ಹೊಲಗಳಿಗೆ ತಾಗುತ್ತದೆಂದು ಹೇಳತೊಡಗಿದರು. ಹಿಂದೆ ನಿಂತಿದ್ದ ನಾಸೀರ್ ಮುಂದೆ ಬಂದು ನಕ್ಷೆ ನೋಡಿದ. ಆಮೇಲೆ ಗದ್ದೆಮ್ಮನ ಕಡೆಗೆ ತಿರುಗಿದ.

"ದೊಡ್ಡವ್ವ, ಆ ಗೆರಿ ನಮ್ಮಪ್ಪನ ಹೊಲದಾಗ ಹಾಯ್ದೈತಿ. ಗೊತ್ತಿದ್ದು ಮಾತಾಡಿದಿ ಏನು?"

ಗದ್ದೆಮ್ಮನಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಅವನು ಬಯಲು ದಾಟಿ ಹೋಗಿದ್ದ.

ಅವತ್ತಿನಿಂದ ಮೆಹಬೂಬ್‌ಬೀ ಫೋನು ಎತ್ತಲಿಲ್ಲ. ಶಿವರಾಜನೂ ತಾಯಿಯೊಡನೆ ಬೇಕಾದಷ್ಟೇ ಮಾತಾಡಿದ. ಗದ್ದೆಮ್ಮ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಕೂರುವಳು. ರೊಟ್ಟಿ ಹೊತ್ತಿದ ವಾಸನೆ ಬಂದು ಶಿವರಾಜ ಒಳಗೆ ಇಣುಕಿದಾಗ, "ನನ್ನ ಆ ಕಡಿ ದಾಟಿಸ್ತಿ ಏನಪಾ?" ಎಂದು ಕೇಳಿದಳು. ಅವನು ಹೊರಗೆ ಬಂದ. ರಸ್ತೆಗೆ ಇಳಿದು, ಎರಡೂ ಕೈ ಚಾಚಿ, ಬರುತ್ತಿದ್ದ ಲಾರಿಗೆ ಅಡ್ಡ ನಿಂತ. ಹಿಂದೆ ಸಾಲು ನಿಂತಿತು, ಹಾರನ್‌ಗಳು ಹೊಡೆದುಕೊಂಡವು. ಗದ್ದೆಮ್ಮ ದಾಟಿ ಮುಗಿಯುವವರೆಗೆ ಅವನು ಕೈ ಇಳಿಸಲಿಲ್ಲ.

ಮೆಹಬೂಬ್‌ಬೀ ಒಳಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಹೆಜ್ಜೆಯ ಸಪ್ಪಳಕ್ಕೆ, "ಕುಂಟ್ಕೋತ ಬಂದಿ?" ಎಂದಳು.

"ಮಾತ ವಾಪಸ್ ತಗೊಳ್ಳಾಕ ಬಂದೀನಿ ಮಾಬೂ. ಇಂಜಿನೇರ ಅಕ್ಕಾರಿಗಿ ಹೇಳ್ತೀನಿ."

"ಹೇಳಿ ಏನ ಮಾಡ್ತಿ? ಗ್ವಾಡಿ ಕಟ್ಟಿಸ್ತಿ?" ಮೆಹಬೂಬ್‌ಬೀಯ ಬೆರಳುಗಳು ಬೆಳ್ಳುಳ್ಳಿ ಬಿಡಲಿಲ್ಲ. "ಹೊಲ ಒಂದ ಮಗ್ಗಲಷ್ಟ ಹೋಗತೈತಂತ. ಹೋಗ್ಲಿ. ನಮ್ಮ ಸಾಹೇಬ್ರು ಅದಕ್ಕ ಹೆಂಗ ಬೆನ್ನ ಬಗ್ಗಿಸಿದ್ರು ನೀ ನೋಡೀ. ಸಂಕಟ ಆಗತೈತಿ, ಇಲ್ಲಂಬಂಗಿಲ್ಲ. ಆದ್ರ ನನಗ ಸಿಟ್ಟ ಬಂದದ್ದು ಅದಕ್ಕಲ್ಲ. ನನ್ನ ಕಣ್ಣಿನ ಸುದ್ದಿ ಊರ ಮುಂದ ಹೇಳಾಕ ಮುಂಚೆ ನನಗ ಒಂದ ಮಾತ ಕೇಳಬೇಕಾಗಿತ್ತು."

ಗದ್ದೆಮ್ಮ ಗೋಡೆಗೆ ಆನಿಕೊಂಡು ಕೂತಳು. "ಹೌದು. ಕೇಳಬೇಕಾಗಿತ್ತು," ಎಂದಳು. ಆಮೇಲೆ ಒಂದು ಗಡ್ಡೆ ತೆಗೆದುಕೊಂಡು ತಾನೂ ಸುಲಿಯತೊಡಗಿದಳು. ಇಬ್ಬರ ನಡುವೆ ಸಿಪ್ಪೆಯ ರಾಶಿ ಬೆಳೆಯಿತು.

"ಸಿಂಧನೂರಾಗ ಪೊರಿ ತೆಗೀತಾರಂತ," ಎಂದಳು ಕೊನೆಗೆ ಮೆಹಬೂಬ್‌ಬೀ. "ನಾಸೀರ್ ಕರಕೊಂಡು ಹೋಗ್ತೀನಿ ಅಂತಾನ. ನಾ ಬ್ಯಾಡ ಅಂದೆ. ನೀ ಬರ್ತಿ ಏನು?"

ಸಂಕ್ರಾಂತಿ ಮುಗಿದ ಮೇಲೆ ಇಬ್ಬರೂ ಬಸ್ಸು ಹತ್ತಿದರು. ಸಿಂಧನೂರು ಇನ್ನೂ ದೂರವಿರುವಾಗಲೇ ಗಾಡಿಗಳ ಸಾಲಿನಲ್ಲಿ ಬಸ್ಸು ನಿಂತಿತು. ಉಳಿದವರು ಬೇಸರಪಟ್ಟುಕೊಂಡರು, ಇವರಿಬ್ಬರಿಗೆ ಯಾವ ಅವಸರವೂ ಇರಲಿಲ್ಲ. ಗದ್ದೆಮ್ಮ ಕಿಟಕಿಯಿಂದ ಕಂಡದ್ದನ್ನೆಲ್ಲ ಹೇಳುತ್ತ ಹೋದಳು. ಕೊನೆಗೆ ಬಸ್ಸು ಊರು ಹೊಕ್ಕಾಗ ನೋಡಿದರೆ, ಟಾಕೀಸಿದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿ. ಮುಂದಿದ್ದ ಹುಣಸೆ ಮರ ಇಲ್ಲ. "ಹೋಗ್ಲಿ ಬಿಡು, ನನಗ ಇನ್ನಾ ಅದು ಅಲ್ಲೇ ಐತಿ," ಎಂದಳು ಮೆಹಬೂಬ್‌ಬೀ. ಆಸ್ಪತ್ರೆಯಲ್ಲಿ ಮೊದಲು ಒಂದು ಕಣ್ಣು ಮಾಡಿದರು. ಪಟ್ಟಿ ಬಿಚ್ಚಿದ ದಿನ ಅವಳು ಗದ್ದೆಮ್ಮನ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿ, "ಎಷ್ಟ ಮುದುಕಿ ಆಗೀಯಲೇ ಗದ್ದಿ," ಎಂದಳು.

ಬೈಪಾಸ್ ಎಂದೇ ತೀರ್ಮಾನವಾಯಿತು. ಕೆಲಸ ಯಾವಾಗ ಶುರುವಾಗುವುದೋ ಯಾರಿಗೂ ತಿಳಿಯದು. ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳಷ್ಟೇ ಬಂದಿವೆ. ನಾಸೀರನ ಹೊಲದಲ್ಲಿ ಉಳಿಯುವ ಅಂಚಿಗೆ ಖಾನಾವಳಿ ಹಾಕಿದರೆ ಹೇಗೆ ಎಂದು ಶಿವರಾಜ ಒಂದು ಮಾತು ಎಸೆದಿದ್ದಾನೆ. ನಾಸೀರ್ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಆದರೆ ಈಗೀಗ ಸಂಜೆ ಚಹಾ ಕುಡಿಯಲು ಬರುತ್ತಾನೆ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಕಲ್ಲು ನೋಡಬೇಕೆಂದು ಮೆಹಬೂಬ್‌ಬೀ ಹಟ ಹಿಡಿದಳು. ನಾಸೀರ್ ಆಟೋದಲ್ಲಿ ಇಬ್ಬರನ್ನೂ ಹೊಲಕ್ಕೆ ಕರೆದೊಯ್ದು ಬಿಟ್ಟ. ಎರಡನೇ ಬೆಳೆಯ ಬತ್ತ ತೆನೆ ತುಂಬಿ ಬಾಗಿತ್ತು. ಮೆಹಬೂಬ್‌ಬೀ ಬದುವಿನ ಮೇಲೆ ನಡೆದು, ಕಲ್ಲಿನಿಂದ ಕಲ್ಲಿಗೆ ಕಣ್ಣು ಹಾಯಿಸಿ, ಎಷ್ಟು ಹೋಗುತ್ತದೆ ಎಷ್ಟು ಉಳಿಯುತ್ತದೆ ಎಂದು ನೋಡಿದಳು. ಒಂದು ತೆನೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಕಾಳು ಬಾಯಿಗೆ ಹಾಕಿಕೊಂಡಳು.

"ಸಾಹೇಬ್ರು ಇದ್ದಿದ್ರ ಏನಂತಿದ್ರು?"

ಗದ್ದೆಮ್ಮ ಸ್ವಲ್ಪ ಯೋಚಿಸಿದಳು. "ರಸ್ತಾ ನನ್ನ ಹುಡಿಕ್ಕೊಂಡು ಹೊಲಕ್ಕ ಬಂತಲ್ಲ, ಕುಂದ್ರಾಕ ಒಂದ ಗಾದಿ ಹಾಸ್ರಿ ಅಂತಿದ್ರು."

ಮೆಹಬೂಬ್‌ಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಹೊಸ ಕಣ್ಣಿಗೆ ನೀರು ಆಗದೆಂದು ಗದ್ದೆಮ್ಮ ತನ್ನ ಸೆರಗಿನ ತುದಿಯಿಂದ ಒರೆಸಿದಳು. ಆಮೇಲೆ ಇಬ್ಬರೂ ಕಾಲುವೆಯ ದಂಡೆಗೆ ಹೋಗಿ, ಕಾಲು ನೀರಿಗೆ ಇಳಿಬಿಟ್ಟುಕೊಂಡು ಕೂತರು.